ನೀಲಿ ಕೈಯ ಅಳತೆ

ಇಜ್ಜಾ ಮೊದಲ ಸಲ ಲಹ್ಸೆನ್‌ನ ಮನೆಯ ತಾರಸಿ ಹತ್ತಿದಾಗ ಅವನು ಅವಳ ಮುಖ ನೋಡಲಿಲ್ಲ. ಗೋಡೆಗೆ ಅಂಟಿಸಿದ್ದ ಚಿತ್ರದ ಕಡೆ ಬೆರಳು ತೋರಿಸಿ, "ಮೊದಲು ಅದನ್ನ ನೋಡಿ" ಎಂದ.

ನೋಡಿದಳು. ಬಾಹ್ಯಾಕಾಶದ ಕಥೆಯ ಸಿನಿಮಾವೊಂದರ ಒಂದೇ ಒಂದು ಕ್ಷಣ: ನೀಲಿ ಬಣ್ಣದ ಕೈಯೊಂದು ಮರಳಿನಲ್ಲಿ ಲೋಹದ ದೀಪಗೋಲು ನೆಡುತ್ತಿದೆ. ದಾರಿ ತಪ್ಪಿದ ಗ್ರಹರಾಣಿ ತನ್ನ ನೌಕೆಯನ್ನು ಕರೆಯುವ ಗಳಿಗೆ. ಆ ಕೋಲಿನಂಥದೇ ಇನ್ನೊಂದನ್ನು ಲಹ್ಸೆನ್ ಆರು ವರ್ಷದಿಂದ ಈ ತಾರಸಿಯಲ್ಲಿ ಕೂತು ಮಾಡುತ್ತಿದ್ದ. ಅದರ ಚರ್ಮದ ಪಟ್ಟಿ ಹೊಲಿಯಲೆಂದು, ಸ್ಟುಡಿಯೋಗಳಿಗೆ ಉಡುಪು ಹೊಲಿದುಕೊಡುವ ಇಜ್ಜಾಳನ್ನು ಕರೆಸಿದ್ದ.

"ಎಂಥಾ ಕೈ, ನೋಡಿ," ಎಂದ, ಮಸೀದಿಯೊಳಗೆ ಮಾತಾಡುವವನಂತೆ ದನಿ ತಗ್ಗಿಸಿ.

ಇಜ್ಜಾ ನಗು ನುಂಗಿಕೊಂಡಳು. ಆ ಕೈ ಅವಳದೇ.

ಹನ್ನೆರಡು ವರ್ಷದ ಹಿಂದೆ ಪರದೇಶದ ನಟಿ ಚೇಳಿಗೆ ಹೆದರಿ ಮರಳು ಮುಟ್ಟಲಾರೆ ಎಂದಾಗ, ಉಡುಪಿನ ಡೇರೆಯಲ್ಲಿ ಗುಂಡಿ ಹಚ್ಚುತ್ತಿದ್ದ ಹತ್ತೊಂಬತ್ತರ ಹುಡುಗಿಯನ್ನು ಎಳೆದು ತಂದು ಮೊಣಕೈವರೆಗೆ ನೀಲಿ ಬಳಿದಿದ್ದರು. ಬಣ್ಣ ಹೋಗಲು ಮೂರು ದಿನ ಹಿಡಿಯಿತು. ಆದರೆ ಇದು ವರ್ಜಾಜಾತ್, ಪರದೇಶದವರು ಬಂದು ಸಿನಿಮಾ ತೆಗೆಯುವ ಮರುಭೂಮಿ ಊರು. ಊರಿನ ಅರ್ಧ ಗಂಡಸರು ಒಮ್ಮೆಯಾದರೂ ರೋಮನ್ ಸೈನಿಕರಾಗಿ ಸತ್ತವರು. ಇಲ್ಲಿ ಒಂದು ಕೈಯ ಸುದ್ದಿಗೆ ಯಾರು ಕಿವಿ ಕೊಡುತ್ತಾರೆ? ಅವಳು ಯಾರಿಗೂ ಹೇಳಿರಲಿಲ್ಲ.

ಅವನಿಗೂ ಹೇಳಲಿಲ್ಲ. ಮೊದಮೊದಲು ತಮಾಷೆಗೆ. ಪಟ್ಟಿಯ ನೆಪದಲ್ಲಿ ನಾಲ್ಕನೆಯ ಸಲ, ಏಳನೆಯ ಸಲ ಮೆಟ್ಟಿಲು ಹತ್ತುವಷ್ಟರಲ್ಲಿ ಅದು ತಮಾಷೆಯಾಗಿ ಉಳಿದಿರಲಿಲ್ಲ.

ತಾರಸಿಯಿಂದ ನೋಡಿದರೆ, ಸ್ಟುಡಿಯೋದವರು ಪ್ಲಾಸ್ಟರಿನಲ್ಲಿ ಕಟ್ಟಿ ಬಿಟ್ಟುಹೋದ ನಗರವೊಂದು ದೂರದ ಬಿಸಿಲಲ್ಲಿ ಕರಗುತ್ತ, ಮತ್ತೆ ಕೂಡಿಕೊಳ್ಳುತ್ತ ತೇಲುತ್ತಿತ್ತು. ಲಹ್ಸೆನ್ ಅರದಿಂದ ಉಜ್ಜುತ್ತಿದ್ದರೆ ಅಲ್ಯೂಮಿನಿಯಂ ಪುಡಿ ಅವನ ಹುಬ್ಬಿನ ಮೇಲೆ ಕೂತು ಮಿನುಗುತ್ತಿತ್ತು. ಇಜ್ಜಾಳ ಬೆರಳುಗಳು ಅದನ್ನು ಒರೆಸುವ ಕನಸು ಕಾಣುತ್ತ ಹೊಲಿಗೆ ತಪ್ಪುತ್ತಿದ್ದವು. ಅವನೂ ಕದ್ದು ನೋಡುತ್ತಿದ್ದ. ಅವಳು ತಲೆಯೆತ್ತಿದರೆ ಅವನ ಕಣ್ಣು ಥಟ್ಟನೆ ಚಿತ್ರಕ್ಕೆ ಓಡುತ್ತಿತ್ತು. ಚಿತ್ರದ ಕೈ ತಿರುಗಿ ನೋಡುವುದಿಲ್ಲ, ಅದೊಂದು ಅನುಕೂಲ.

ಹೇಳಿದರೆ ಅವನು ಮರುಳಾಗುವುದು ಖಂಡಿತ. ಆದರೆ ಕೈಗೆ. ಮಿಕ್ಕವಳು ಅದರ ಹಿಂದೆ ಜೋತುಬಿದ್ದು ಬರಬೇಕು. ಅದಾಗದು. ಅವನು ತನ್ನನ್ನು ಕೇಳಲಿ. ಕೇಳದಿದ್ದರೆ ಪಟ್ಟಿ ಮುಗಿದ ದಿನವೇ ಈ ಮೆಟ್ಟಿಲ ಋಣವೂ ಮುಗಿಯಿತು ಎಂದುಕೊಂಡಳು.

ಪುದೀನ ಚಹಾ ತರುತ್ತಿದ್ದ ಅವನ ತಾಯಿಗೂ ತಾಳ್ಮೆ ತೀರಿತ್ತು. "ಆ ಕೈನೇ ಕಟ್ಕೊಳ್ಳೋ ಮಗನೆ," ಎಂದಳು ಒಂದು ದಿನ. "ಅಡಿಗೆ ಬರುತ್ತೋ ಇಲ್ವೋ, ಬಾಯಂತೂ ಇಲ್ಲ."

ಪಟ್ಟಿ ಮುಗಿದ ಗುರುವಾರ ಲಹ್ಸೆನ್ ಕೋಲನ್ನು ಇಜ್ಜಾಳ ಕೈಗಿತ್ತ. ಮರುದಿನ ಅದರ ಫೋಟೋ ಲೋಕದ ನಾನಾ ಮೂಲೆಗಳಲ್ಲಿರುವ ಇಂಥದೇ ಹುಚ್ಚಿನವರಿಗೆ ಹೋಗಬೇಕಿತ್ತು. ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಒಪ್ಪದ ಜನ. ಅವಳು ಹಿಡಿದಳು. ಹೆಬ್ಬೆರಳು ದೀಪದ ಗುಂಡಿಗೆ ಎಟುಕಲೇ ಇಲ್ಲ.

ಅವನ ಲೆಕ್ಕ ತಪ್ಪಿರಲು ಸಾಧ್ಯವಿರಲಿಲ್ಲ. ಚಿತ್ರದ ಕೈ ನಟಿಯದೆಂದೇ ನಂಬಿ ಅವಳ ಕೈಗವಸಿನ ಅಳತೆ ಹುಡುಕಿ, ಅದರಿಂದ ಹೆಬ್ಬೆರಳಿನ ಅಗಲ, ಅದರಿಂದ ಹಿಡಿಯ ದಪ್ಪ ತೆಗೆದಿದ್ದ. "ನಿಮ್ಮ ಕೈ ಚಿಕ್ಕದು," ಎಂದ.

ಹೌದು, ಚಿಕ್ಕದು ಎಂದು ಒಪ್ಪಿಕೊಂಡು ಇಜ್ಜಾ ಸೂಜಿ ದಾರ ಕಟ್ಟಿಕೊಂಡು ಇಳಿದುಹೋದಳು.

ಒಂಬತ್ತು ದಿನ ಅವಳು ಆ ಬೀದಿಗೆ ಕಾಲಿಡಲಿಲ್ಲ. ಹತ್ತನೆಯ ದಿನ ಮಧ್ಯಾಹ್ನ, ಅವಳ ಅಂಗಡಿಯಲ್ಲಿ ತೂಗುಹಾಕಿದ್ದ ಸೈನಿಕರ ಅಂಗಿಗಳ ನಡುವೆ ಲಹ್ಸೆನ್ ಬಂದು ನಿಂತ. ಗಡ್ಡ ಬೆಳೆದಿತ್ತು. ಹುಬ್ಬಿನ ಮೇಲೆ ಅದೇ ಮಿನುಗು.

"ಹಿಡೀರಿ," ಎಂದು ಕೋಲು ಕೊಟ್ಟ.

ಅಂಗೈ ತುಂಬಿ ಕೂತಿತು. ಹೆಬ್ಬೆರಳು ತಾನಾಗಿ ಗುಂಡಿಯ ಮೇಲೆ ಬಿತ್ತು. ಅಂಗಡಿಯ ಮಬ್ಬಿನಲ್ಲಿ ದೀಪ ಮೆಲ್ಲಗೆ ಹತ್ತಿಕೊಂಡಿತು.

ಫೋಟೋ ಕಳಿಸಿದಿರಾ ಎಂದು ಕೇಳಿದಳು.

"ಇಲ್ಲ. ಇದು ತಪ್ಪು ಅಂತ ನಂಗೊತ್ತು. ಸಿನಿಮಾದಲ್ಲಿರೋದಕ್ಕಿಂತ ಸಣ್ಣ ಮಾಡಿದೀನಿ. ಇನ್ನು ಯಾರೂ ಒಪ್ಪಲ್ಲ." ನೆಲ ನೋಡಿದ. "ನೀವು ಹಿಡಿಯೋಕಾಗದ್ದು ಆ ತಾರಸಿಯಲ್ಲಿದ್ದು ಏನು ಮಾಡ್ಲಿ ಅನ್ನಿಸ್ತು. ನೀವಿಲ್ಲದೆ ಅಲ್ಲಿ ನಾನಾದ್ರೂ ಏನು ಮಾಡ್ಲಿ. ನನ್ನ ಮದುವೆ ಆಗ್ತೀರಾ?"

ಇಜ್ಜಾ ಇನ್ನೊಂದು ಕೈಲಿದ್ದ ದಾರವನ್ನು ಹಲ್ಲಿನಿಂದ ಕಡಿದಳು. ಅವನನ್ನು ಅಷ್ಟು ಹೊತ್ತು ಕಾಯಿಸುವ ಹಕ್ಕು ತನಗಿದೆ ಅನ್ನಿಸಿತು.

"ಆಗ್ತೀನಿ," ಎಂದಳು. ಆಮೇಲೆ ಎದುರಿಗಿದ್ದ ಉಣ್ಣೆಯ ರಾಶಿಯಲ್ಲಿ ಕೋಲು ನೆಟ್ಟಳು. ಬೆರಳುಗಳನ್ನು ಒಂದೊಂದಾಗಿ ಮಡಿಸಿ, ಕಿರುಬೆರಳೊಂದನ್ನು ಹೊರಗೆ ಚಾಚಿ, ಮಣಿಕಟ್ಟು ತುಸು ಓರೆ ಮಾಡಿ.

ಆರು ವರ್ಷ ದಿನಬೆಳಗಾದರೆ ನೋಡಿದ ಭಂಗಿ. ಚಿತ್ರ ಎದುರಿಗಿರಬೇಕಾಗಿರಲಿಲ್ಲ. ಲಹ್ಸೆನ್ ಹಾಗೆಯೇ ಅಂಗಿಗಳ ಕೆಳಗೆ ನೆಲದ ಮೇಲೆ ಕೂತ. ಕೋಲನ್ನೂ ಅವಳ ಕೈಯನ್ನೂ ನೋಡಿದ; ತಪ್ಪೆಂದುಕೊಂಡ ಅಳತೆಯೇ ಸರಿಯಾಗಿತ್ತು.

"ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಅಳತೆ ತಗೊಳ್ತಿದ್ದೆ ನೀನು."

ನೀನು ಎಂದದ್ದು ಇಬ್ಬರಿಗೂ ಕೇಳಿಸಿತು.

"ಈಗ ತಗೊಳ್ಳಲಾ?" ಎಂದ.

ಅವಳು ಕೈ ಚಾಚಿದಳು. ಅವನು ಎರಡೂ ಕೈಯಲ್ಲಿ ಅದನ್ನು ಹಿಡಿದು ಬಹಳ ಹೊತ್ತು ಕೂತ. ಅಳತೆಪಟ್ಟಿ ಅವನ ಜೇಬಿನಲ್ಲೇ ಇತ್ತು.