ಗಲ್ಫಿನ ತಾರೀಕು

ಭಾನುವಾರದ ಬಿರಿಯಾನಿಗೆ ಆರುನೂರು ಪಾರ್ಸೆಲ್ ಬುಕ್ ಆಗಬೇಕಿತ್ತು. ಗುರುವಾರವಾದರೂ ನೂರು ದಾಟಿರಲಿಲ್ಲ. ಸೋರುವ ಎರಡು ಕ್ಲಾಸುಗಳಿಗೆ ಶೀಟು ಹಾಕಿಸಲು ಬೆಟ್ಟಂಪಾಡಿ ಕಡೆಯ ಆ ಪುಟ್ಟ ಶಾಲೆ ನಂಬಿದ್ದು ಪಾರ್ಸೆಲ್ ಮಾರಿ ಹಣ ಕೂಡಿಸುವ ಈ ಬಿರಿಯಾನಿ ಚಾಲೆಂಜನ್ನೇ. ತಪ್ಪನ್ನು ಯಾರದಾದರೂ ತಲೆಗೆ ಕಟ್ಟಬೇಕಲ್ಲ, ಸಿಕ್ಕಿದ್ದು ರಿಝ್ವಾನಾ ಟೀಚರ್.

“ಮೊಹರಂ ಹತ್ತು, ಆಶೂರಾ ಉಪವಾಸದ ದಿನ ಮಧ್ಯಾಹ್ನ ಬಿರಿಯಾನಿ ತಿನ್ನುದು ಯಾರು?” ಶಾಲಾ ಕಮಿಟಿಯ ಅಧ್ಯಕ್ಷ ಹೈದರ್ ಹಾಜಿ ಮೀಟಿಂಗಿನಲ್ಲೇ ಕೇಳಿದರು. “ಪೋಸ್ಟರ್ ಮಾಡಿದ್ದು ನೀವಲ್ವಾ ಟೀಚರೇ? ಇನ್ನು ನಿಮ್ಮನ್ನು ಇಟ್ಟುಕೊಳ್ಳುದು ಹೇಗೆ?”

ಪೋಸ್ಟರ್ ಅವಳದೇ, ಸುಳ್ಳಲ್ಲ. ತಾರೀಕು ಕೊಟ್ಟವನು ಮಾತ್ರ ಮೂಲೆಯ ಬೆಂಚಿನಲ್ಲಿ ಮೊಬೈಲ್ ತಿರುಗಿಸುತ್ತಾ ಕೂತಿದ್ದ. ಮುನವ್ವರ್, ದುಬೈಯಿಂದ ರಜೆಯಲ್ಲಿ ಬಂದ ಕಮಿಟಿಯ ಹೊಸ ಸದಸ್ಯ. ಅವನ ಮೊಬೈಲಿನ ದುಬೈ ಕ್ಯಾಲೆಂಡರಿನಲ್ಲಿ ಆಶೂರಾ ಶನಿವಾರವೇ ಮುಗಿಯುತ್ತಿತ್ತು. ಊರಿನಲ್ಲಿ ಚಂದ್ರ ಕಾಣುವುದು ಒಂದು ದಿನ ತಡ ಎಂಬುದು ಆ ಮಹಾನುಭಾವನಿಗೆ ಹೊಳೆದೇ ಇರಲಿಲ್ಲ.

ಅವನ ಮೆಸೇಜ್ ತೋರಿಸಿದರೆ ರಿಝ್ವಾನಾಳ ಕೆಲಸ ಉಳಿಯುತ್ತಿತ್ತು. ಆದರೆ ಅದರಲ್ಲಿ ತಾರೀಕಿನ ಕೆಳಗೆ ಇನ್ನೊಂದು ಸಾಲಿತ್ತು: ‘ನಿಮ್ಮ ಮನೆಗೆ ಉಮ್ಮನನ್ನು ಕಳಿಸಲಾ?’ ತಾಯಿಯನ್ನು ಕಳಿಸುವುದೆಂದರೆ ಹೆಣ್ಣು ಕೇಳಲಿಕ್ಕೇ. ಹತ್ತು ದಿನದಿಂದ ಅವಳು ಅದನ್ನು ಓದುತ್ತಿದ್ದಳು, ಉತ್ತರ ಬರೆದಿರಲಿಲ್ಲ. ಅದನ್ನು ಊರಿಡೀ ಓದುವುದೆಂದರೆ?

ಅವನು ಏಳಹೊರಟಾಗ ಬೇಡ ಎಂದು ಕಣ್ಸನ್ನೆ ಮಾಡಿದ್ದು ಅವಳೇ. ಈಗ ಅವನು ಸುಮ್ಮನೆ ಕೂತದ್ದಕ್ಕೆ ಸಿಟ್ಟು ಬಂದದ್ದೂ ಅವಳಿಗೇ. ಸೆರಗಿನ ತುದಿ ಸುತ್ತಿ ಸುತ್ತಿ ಬೆರಳು ಕೆಂಪಾಗಿತ್ತು.

“ಸೋಮವಾರದಿಂದ ಬರುದು ಬೇಡ” ಎಂದರು ಹಾಜಿ.

ಮುನವ್ವರ್ ಎದ್ದು ನಿಂತ. ಈ ಸಲ ಅವಳ ಕಡೆ ನೋಡಲೇ ಇಲ್ಲ.

“ಹಾಜಿಯವರೇ, ತಾರೀಕು ಕೊಟ್ಟದ್ದು ನಾನು. ದುಬೈ ಲೆಕ್ಕ ನೋಡಿ ಕೊಟ್ಟೆ.”

“ಹಾಗಾದ್ರೆ ಟೀಚರ್ ಹೇಳ್ಲಿಲ್ಲ ಎಂತಕ್ಕೆ?”

“ಅದೇ ಮೆಸೇಜಲ್ಲಿ ಮದುವೆ ವಿಷಯವೂ ಕೇಳಿದ್ದೆ. ಅವರು ಇನ್ನೂ ಉತ್ತರ ಕೊಡ್ಲಿಲ್ಲ.”

ಹಾಜಿಯವರ ಕನ್ನಡಕ ಮೂಗಿನ ತುದಿಗೆ ಬಂತು. ಅಡಿಗೆಯ ಬೀಫಾತುಮ್ಮ ಬಾಯಿಗೆ ಸೆರಗು ಹಿಡಿದು ನಕ್ಕರು. ಕಿವಿಯೆಲ್ಲ ಬಿಸಿಯಾದ ರಿಝ್ವಾನಾ ಮಾತು ತಿರುಗಿಸಲೆಂದೇ ಹೇಳಿಬಿಟ್ಟಳು, “ಪಾರ್ಸೆಲ್ ಸಂಜೆ ಕೊಡುವ. ಉಪವಾಸ ಬಿಡುವಾಗ ಬಿರಿಯಾನಿ ಯಾರಿಗೆ ಬೇಡ?”

ಶನಿವಾರಕ್ಕೆ ಬುಕಿಂಗ್ ಐನೂರು ದಾಟಿತು.

ಭಾನುವಾರ ಸಂಜೆ ಕೊನೆಯ ಪಾರ್ಸೆಲ್‌ಗಳು ಹೊರಟಾಗ ಶಾಲೆಯ ಜಗಲಿಯಲ್ಲಿ ಬೀಫಾತುಮ್ಮ ಪಾತ್ರೆ ತೊಳೆಯುತ್ತಿದ್ದರು. ಲೆಕ್ಕದ ಪುಸ್ತಕ ಮುಚ್ಚುತ್ತಿದ್ದ ರಿಝ್ವಾನಾಳ ಹತ್ತಿರ ಮುನವ್ವರ್ ಖರ್ಜೂರದ ಡಬ್ಬಿ ಹಿಡಿದು ಬಂದ.

“ಹಾಜಿಯವರು ಎಂತ ಹೇಳಿದ್ರು?”

“ನಾಳೆ ಕ್ಲಾಸಿಗೆ ಬರ್ಬೇಕಂತೆ. ತಪ್ಪಾಯ್ತು ಅಂತ ಎರಡು ಪಾರ್ಸೆಲ್ ಜಾಸ್ತಿ ತಗೊಂಡ್ರು.”

“ಮತ್ತೆ ನನ್ನ ಮೆಸೇಜಿಗೆ?”

“ಬಾಂಗ್ ಆಗ್ಲಿ. ಹಸಿದ ಹೊಟ್ಟೆಯಲ್ಲಿ ಹೇಳುವ ವಿಷಯ ಅಲ್ಲ.”

ಮಸೀದಿಯಿಂದ ಉಪವಾಸ ಬಿಡುವ ಹೊತ್ತಿನ ಬಾಂಗ್ ಆಗುವವರೆಗಿನ ಆ ನಾಲ್ಕು ನಿಮಿಷ ಅವನು ಜಗಲಿಯನ್ನು ಅಳೆದು ಮುಗಿಸಿದ. ಅವಳಿಗೆ ಅದು ಬಹಳ ಇಷ್ಟವಾಯಿತು. ಬಾಂಗ್ ಕೇಳಿತು. ಅವಳು ಒಂದು ಖರ್ಜೂರ ತಿಂದು, ನೀರು ಕುಡಿದು, ನಿಧಾನವಾಗಿ ಅವನ ಮುಖ ನೋಡಿದಳು.

“ಉಮ್ಮನನ್ನು ಕಳಿಸಿ. ಮದುವೆ ತಾರೀಕು ಮಾತ್ರ ನಾನು ನೋಡ್ತೇನೆ. ನೀವು ಮೊಬೈಲ್ ಮುಟ್ಟುದು ಬೇಡ.”