ತಪ್ಪಾಗಿ ಕೆತ್ತಿದ ಹೆಸರು

ಸೂಯಿನ್‌ಗೆ ಇಪ್ಪತ್ಮೂರು ವರ್ಷವಾಗಿದ್ದಾಗ, ಅವಳನ್ನು ಒಂದು ಮಾತೂ ಕೇಳದೆ, ಗಂಡನ ಗೋರಿಕಲ್ಲಿನ ಮೇಲೆ ಅವಳ ಹೆಸರನ್ನೂ ಕೆತ್ತಿಸಿದರು.

ಗಂಡನ ಹೆಸರಿಗೆ ಕಪ್ಪು ಬಣ್ಣ. ಅವಳ ಹೆಸರಿಗೆ ಕೆಂಪು. ಕೆಂಪು ಎಂದರೆ ಇವಳಿನ್ನೂ ಬದುಕಿದ್ದಾಳೆ, ಮುಂದೆ ಬಂದು ಇಲ್ಲೇ ಮಲಗುತ್ತಾಳೆ ಎಂದು.

ಆರು ವರ್ಷಗಳ ನಂತರ ಒಂದು ಮಧ್ಯಾಹ್ನ, ಚೋಂಗ್‌ವು ಊರಿನ ಕಲ್ಲುಕುಟಿಗರ ಬೀದಿಯ ಕೊನೆಯ ಅಂಗಳದಲ್ಲಿ ಅವಳು ಬಂದು ನಿಂತಳು. ಎಲ್ಲೆಲ್ಲೂ ಬಿಳಿ ಧೂಳು. ಧೂಳಿನೊಳಗೆ ಅರ್ಧ ಮುಗಿದ ಸಿಂಹಗಳು, ಇನ್ನೂ ಮೂಗು ಮೂಡದ ದೇವತೆಗಳು... ನಡುವೆ ಒಬ್ಬ ಗಂಡಸು, ಹುಬ್ಬಿನವರೆಗೂ ಬೆಳ್ಳಗಾಗಿ, ಉಳಿ ಹಿಡಿದು ಕೂತಿದ್ದ.

"ಚೆನ್ ಮನೆಯವರ ಗೋರಿಕಲ್ಲು ಕೆತ್ತಿದ್ದು ಯಾರು, ಮೇಸ್ತ್ರಿ?"

"ನಾನೇ. ಕೈಶಾನ್ ಅಂತ." ಅವನು ತಲೆ ಎತ್ತಲಿಲ್ಲ. "ಯಾಕೆ, ಬಿರುಕು ಬಿಡ್ತಾ?"

"ಇಲ್ಲ."

"ಮತ್ತೇನು? ಸತ್ತೋರು ದೂರು ಹೇಳಿಕಳಿಸಿದ್ರಾ?"

"ಹೇಳಿಕಳಿಸಿಲ್ಲ. ಸತ್ತವಳೇ ಬಂದಿದ್ದೀನಿ."

ಸುತ್ತಿಗೆ ನಿಂತಿತು!

ಅವನು ಮೊದಲ ಬಾರಿ ಮುಖ ಎತ್ತಿ ನೋಡಿದ. ಹೂವಿನ ತಲೆವಸ್ತ್ರ, ಹಳದಿ ಹುಲ್ಲಿನ ಟೋಪಿ, ಸಮುದ್ರದ ಸಿಂಪಿಯ ಚಿಪ್ಪು ಬಿಡಿಸಿ ಬಿಡಿಸಿ ಗಾಯಗೊಂಡ ಬೆರಳುಗಳು. ಆ ಕಣ್ಣುಗಳಲ್ಲಿ ಕೋಪ ಇರಲಿಲ್ಲ. ಇದ್ದಿದ್ದರೆ ಅವನಿಗೆ ಸುಲಭವಾಗುತ್ತಿತ್ತು.

"ಸೂಯಿನ್ ಅಂತ ಕೆತ್ತಿದೀರಲ್ಲ... ಅದು ಯಾವ 'ಯಿನ್'?"

"ಹಾಸಿನ ಯಿನ್. ಹುಲ್ಲಿನ ಹಾಸು ಅಂತೀವಲ್ಲ, ಆ ಅಕ್ಷರ. ನಿಮ್ಮತ್ತೆಗೆ ಓದೋಕೆ ಬರಲ್ಲ, ಬಾಯಲ್ಲಿ ಹೇಳಿದ್ರು. ಹೆಣ್ಣುಮಕ್ಕಳ ಹೆಸರಲ್ಲಿ ಅದೇ ಜಾಸ್ತಿ ಇರುತ್ತೆ ಅಂತ..."

"ನನ್ನದು ದನಿಯ ಯಿನ್, ಮೇಸ್ತ್ರಿ."

ಚೀನೀ ಬರಹದಲ್ಲಿ ಎರಡೂ ಅಕ್ಷರಕ್ಕೆ ಉಚ್ಚಾರ ಒಂದೇ, ಅರ್ಥ ಬೇರೆ. ಒಂದು ದನಿ, ಇನ್ನೊಂದು ಚಾಪೆ. ಗಂಡನ ಪಕ್ಕದಲ್ಲಿ ಹಾಸಿಡಲು ಚಾಪೆಯೇ ಸರಿ ಎಂದು ಆ ಕಲ್ಲಿಗೂ ಅನ್ನಿಸಿರಬೇಕು!

ಅವನ ಮುಖ ಧೂಳಿಗಿಂತ ಬೆಳ್ಳಗಾಯಿತು. "ಆರು ವರ್ಷ... ಒಂದು ಸಲವೂ ಹೇಳಲಿಲ್ಲವಲ್ಲ. ಬೈಯೋಕೆ ಬಂದ್ರಾ?"

"ಗೊತ್ತಿಲ್ಲ," ಎಂದಳು ಸೂಯಿನ್. "ನನ್ನ ಹೆಸರಿನ ವಿಷಯ ಮಾತಾಡೋಕೆ ಈ ಊರಲ್ಲಿ ಬೇರೆ ಯಾರೂ ಸಿಗಲಿಲ್ಲ."

ನಿಜವೇ ಅದು. ಮನೆಯಲ್ಲಿ ಅತ್ತೆ ಅವಳನ್ನು 'ಎರಡನೇ ಮಗನ ಹೆಂಡ್ತಿ' ಎಂದೇ ಕರೆಯುತ್ತಿದ್ದಳು. ಸಿಂಪಿ ಬಿಡಿಸಿ ಮಾರಲು ಕೂರುವ ಬಂದರಿನಲ್ಲಿ ಅವಳು 'ಚೆನ್ ಮನೆ ಸೊಸೆ'. ಆ ಊರಿನಲ್ಲಿ ಅವಳ ಹೆಸರು ಇದ್ದದ್ದು ಒಂದೇ ಕಡೆ, ಗೋರಿಕಲ್ಲಿನ ಮೇಲೆ. ಅಲ್ಲೂ ತಪ್ಪಾಗಿ.

ಮಾರನೆಯ ದಿನ ಕೈಶಾನ್ ಬಂದರಿಗೆ ಬಂದ. ಸಿಂಪಿ ಬೇಕೆಂದ. ಅದರ ಮಾರನೆಯ ದಿನವೂ ಬಂದ.

"ಏ ನೋಡೇ, ಕಲ್ಲಿನವನು ಇವತ್ತೂ ಬಂದ!" ಪಕ್ಕದಲ್ಲಿ ಕೂತಿದ್ದ ಮುದುಕಿ ಕೂಗಿದಳು. "ಲೋ, ದಿನಾ ಇಷ್ಟಿಷ್ಟು ಸಿಂಪಿ ತಿಂತೀಯಲ್ಲ, ನಿನ್ನ ಹೊಟ್ಟೆ ಏನು ಸಮುದ್ರಾನಾ?"

"ಬೆಕ್ಕಿದೆ ಅಜ್ಜಿ."

"ಬೆಕ್ಕಂತೆ! ಮೀಸೆ ಇರೋ ಬೆಕ್ಕು!"

ಸೂಯಿನ್ ನಕ್ಕಳು. ನಕ್ಕ ಮೇಲೆ ತನಗೇ ಹೆದರಿಕೆಯಾಗಿ ಕೈಯಲ್ಲಿದ್ದ ಚಾಕುವನ್ನು ಬಿಗಿಯಾಗಿ ಹಿಡಿದಳು. 'ನಾನು ನಗಬಹುದಾ? ಕೆಂಪು ಹೆಸರಿನವಳು...'

ಅವನು ಹೋಗುವಾಗ ಪ್ರತಿ ಸಲವೂ, "ಬರ್ತೀನಿ, ಸೂಯಿನ್," ಎನ್ನುತ್ತಿದ್ದ. ಆ ಎರಡಕ್ಷರ ದಿನವಿಡೀ ಅವಳ ಕಿವಿಯಲ್ಲಿ ಉಳಿಯುತ್ತಿತ್ತು. ಸಂಜೆ ಖಾಲಿ ಕೋಣೆಗೆ ಮರಳಿ, ಗೋಡೆಗೆ ಒರಗಿ, ತಾನೇ ಮೆಲ್ಲಗೆ ಹೇಳಿ ನೋಡುತ್ತಿದ್ದಳು... ಸೂಯಿನ್. ಗೋಡೆ 'ಹ್ಞೂಂ' ಎನ್ನುತ್ತಿರಲಿಲ್ಲ.

ಒಂದು ದಿನ ಅವನು ಕೇಳಿದ, "ಆ ಗೋರಿಯಲ್ಲಿ..."

"ಅವರಿಲ್ಲ. ದೋಣಿ ಮುಳುಗಿತು, ದೇಹ ಸಿಗಲಿಲ್ಲ. ಒಂದು ಅಂಗಿ, ಒಂದು ಜೊತೆ ಚಪ್ಪಲಿ ಇಟ್ಟಿದ್ದಾರೆ. ಮದುವೆಯಾಗಿ ನಾಲ್ಕು ತಿಂಗಳು, ಅಷ್ಟೇ. ಒಳ್ಳೆಯವರಿದ್ರು. ಈಗ ಮುಖ ಕೂಡ ಸರಿಯಾಗಿ ನೆನಪಾಗಲ್ಲ, ಮೇಸ್ತ್ರಿ." ಅವಳು ತಡೆದಳು. "ದೋಣಿ ಮೇಲೆ ಗುರುತು ಕೆತ್ತಿದವನ ಮಾತಿದೆಯಲ್ಲ..."

ಅವನಿಗೆ ಗೊತ್ತಿತ್ತು. ನದಿ ದಾಟುವಾಗ ಒಬ್ಬನ ಕತ್ತಿ ನೀರಿಗೆ ಬಿತ್ತಂತೆ. ಬಿದ್ದ ಜಾಗದ ಗುರುತಿಗೆ ಅವನು ದೋಣಿಯ ಅಂಚಿನಲ್ಲಿ ಒಂದು ಗೀರು ಕೆತ್ತಿದನಂತೆ. ದಡ ಸೇರಿದ ಮೇಲೆ ಆ ಗೀರಿನ ಕೆಳಗೆ ಮುಳುಗಿ ಹುಡುಕಿದನಂತೆ.

"ನಾನೇ ಆ ಗೀರು," ಎಂದಳು ಸೂಯಿನ್. "ಕತ್ತಿ ಎಲ್ಲೋ ಬಿತ್ತು, ದೋಣಿ ಎಲ್ಲೋ ಬಂತು. ನನ್ನ ಕೆಳಗೆ ಇನ್ನೂ ಹುಡುಕ್ತಾ ಇದ್ದಾರೆ."

ಆ ರಾತ್ರಿ ಕೈಶಾನ್‌ಗೆ ನಿದ್ದೆ ಬರಲಿಲ್ಲ. ಅವಳ ನೋವೆಲ್ಲ ತನ್ನ ಉಳಿಯ ತಪ್ಪಿನಿಂದಲೇ ಎಂದು ಆ ಕಲ್ಲಿನ ಮನುಷ್ಯನಿಗೆ ಅನ್ನಿಸಿತು. ಬೆಳಗಾದ ಕೂಡಲೇ ನೇರ ಚೆನ್ ಮನೆಗೆ ಹೋದ.

ಅವನು ಹೋಗಿದ್ದ ವಿಷಯ ಸೂಯಿನ್‌ಗೆ ತಿಳಿದದ್ದು ಊಟದ ಹೊತ್ತಿಗೆ. ಹಿರಿಯರ ಗೋರಿ ಗುಡಿಸುವ ಚಿಂಗ್‌ಮಿಂಗ್ ಹಬ್ಬಕ್ಕೆ ಎರಡೇ ದಿನವಿತ್ತು. ತೆಳ್ಳನೆಯ ರೊಟ್ಟಿಯೊಳಗೆ ಪಲ್ಯ ಸುತ್ತುತ್ತಾ ಅತ್ತೆ ಹೇಳಿದಳು, "ನಿನ್ನ ಹೆಸರು ತಪ್ಪಾಗಿದೆಯಂತಲ್ಲೇ. ಆ ಮೇಸ್ತ್ರಿಯೇ ಬಂದು ಒಪ್ಪಿಕೊಂಡ. ಹಬ್ಬದ ದಿನ ಸರಿ ಮಾಡ್ತಾನೆ. ಈ ಸಲ ಇನ್ನೂ ಆಳವಾಗಿ ಕೆತ್ತು ಅಂದಿದ್ದೀನಿ."

ಸೂಯಿನ್ ಕೈಯಿಂದ ರೊಟ್ಟಿ ಜಾರಿತು.

'ಅಯ್ಯೋ... ನೀನೂನಾ, ಮೇಸ್ತ್ರಿ?!'

ಆ ತಪ್ಪು ಅಕ್ಷರವೊಂದೇ ಅವಳ ಪಾಲಿನ ಬಾಗಿಲಾಗಿತ್ತು. ಪ್ರತಿ ವರ್ಷ ಹಬ್ಬದ ದಿನ ಅತ್ತೆಯ ಮುಂದೆ ಕೂತು, ಕಲ್ಲಿನ ಮೇಲೆ ಮಾಸಿದ ಆ ಹೆಸರಿಗೆ ಕೆಂಪು ತುಂಬುವಾಗ ಅವಳು ಒಳಗೊಳಗೇ ಹೇಳಿಕೊಳ್ಳುತ್ತಿದ್ದಳು: ಇವಳು ನಾನಲ್ಲ, ಇವಳು ಬೇರೆ ಯಾರೋ. ಈಗ ಆ ಬಾಗಿಲನ್ನೂ ಮುಚ್ಚಲು ಬರುತ್ತಿದ್ದಾನೆ, ಅವಳನ್ನು ಹೆಸರು ಹಿಡಿದು ಕರೆದ ಒಬ್ಬನೇ ಒಬ್ಬ.

ಎರಡು ದಿನ ಅವಳು ಬಂದರಿಗೆ ಹೋಗಲಿಲ್ಲ.

ಹಬ್ಬದ ಬೆಳಿಗ್ಗೆ ಗುಡ್ಡದ ಮೇಲೆ ಸಮುದ್ರದ ಗಾಳಿ ಜೋರಾಗಿತ್ತು. ಅತ್ತೆ ಮತ್ತು ಸೂಯಿನ್ ತಲುಪುವಷ್ಟರಲ್ಲಿ ಕೈಶಾನ್ ಕಲ್ಲಿನ ಮುಂದೆ ಕೂತಿದ್ದ. ಪಕ್ಕದಲ್ಲಿ ಉಳಿ, ಸುತ್ತಿಗೆ.

"ಇನ್ನೂ ಶುರು ಮಾಡಿಲ್ವಾ?" ಅತ್ತೆ ಕೇಳಿದಳು.

"ಕೆತ್ತಿದ್ದನ್ನ ಅಳಿಸೋಕೆ ಬರಲ್ಲಮ್ಮ. ಸುತ್ತಲಿನ ಕಲ್ಲನ್ನೆಲ್ಲ ಆ ಆಳಕ್ಕೇ ಇಳಿಸಬೇಕು."

"ಇಳಿಸು. ಯಾರು ಬೇಡ ಅಂದ್ರು?"

"ಯಾರೂ ಅಂದಿಲ್ಲ. ಯಾರನ್ನೂ ಕೇಳಿಲ್ಲವಲ್ಲ!" ಅವನು ಸೂಯಿನ್ ಕಡೆ ತಿರುಗಿದ. "ಬಂದರಿನಲ್ಲಿ ಎರಡು ದಿನ ನಿಮ್ಮ ಜಾಗ ಖಾಲಿ ಇತ್ತು. ಆಗ ಹೊಳೀತು. ಅವತ್ತು ಅವರು ನಿಮ್ಮನ್ನ ಕೇಳಲಿಲ್ಲ. ಮೊನ್ನೆ ನಾನೂ ಕೇಳಲಿಲ್ಲ. ನನಗೂ ಅವರಿಗೂ ಏನು ವ್ಯತ್ಯಾಸ? ಈಗ ಕೇಳ್ತೀನಿ... ನಿಮಗೇನು ಬೇಕು, ಸೂಯಿನ್?"

ಇಪ್ಪತ್ತೊಂಬತ್ತು ವರ್ಷಗಳಲ್ಲಿ ಆ ಪ್ರಶ್ನೆ ಅವಳಿಗೆ ಯಾರೂ ಕೇಳಿರಲಿಲ್ಲ.

"ಈ ಕಲ್ಲಲ್ಲಿ ನಾನು ಬೇಡ," ಎಂದಳು. "ತಪ್ಪಾಗಿಯೂ ಬೇಡ, ಸರಿಯಾಗಿಯೂ ಬೇಡ."

ಕೈಶಾನ್ ಉಳಿಯನ್ನು ಚೀಲಕ್ಕೆ ಹಾಕಿದ. "ಹಾಗಾದ್ರೆ ನಾನು ಕೆತ್ತಲ್ಲ."

ಅತ್ತೆ ಕೆಂಪೇರಿದ ಮುಖದಲ್ಲಿ ಸೊಸೆಯತ್ತ ತಿರುಗಿದಳು. "ಓಹೋ! ಕೊಳೆತ ಮರವನ್ನ ಕೆತ್ತೋಕಾಗಲ್ಲ ಅಂತ ಹಿರಿಯರು ಸುಮ್ಮನೆ ಹೇಳಿಲ್ಲ!"

"ಕೊಳೆತಿದ್ರೆ ಬಿಟ್ಟುಬಿಡಿ ಅಮ್ಮ... ಯಾಕೆ ಕೆತ್ತುತ್ತೀರಿ?" ಎಂದಳು ಸೂಯಿನ್.

"ನನ್ನ ಮಗ ಅಲ್ಲಿ ಒಬ್ಬನೇ ಇದ್ದಾನೆ ಕಣೇ!" ಮುದುಕಿ ಒಮ್ಮೆಲೇ ಕುಸಿದು ಕೂತಳು. "ಆ ನೀರಲ್ಲಿ... ಒಬ್ಬನೇ..."

"ನಾನೂ ಒಬ್ಬಳೇ ಇದ್ದೆ ಅಮ್ಮ. ನಿಮ್ಮ ಮನೆಯಲ್ಲೇ, ನಿಮ್ಮ ಎದುರಿಗೇ."

ಗೋರಿಯ ಮೇಲೆ ಕಲ್ಲಿಟ್ಟು ಸಿಕ್ಕಿಸಿದ್ದ ಹಬ್ಬದ ಕಾಗದಗಳು ಗಾಳಿಗೆ ಪಟಪಟ ಎನ್ನುತ್ತಿದ್ದವು. ಸೂಯಿನ್ ಬುಟ್ಟಿಯಿಂದ ಹಣ್ಣು ತೆಗೆದು ಗಂಡನ ಹೆಸರಿನ ಮುಂದೆ ಇಟ್ಟಳು. ಮೂರು ಸಲ ಬಾಗಿದಳು. ಆಮೇಲೆ ಇಳಿಜಾರಿನ ದಾರಿ ಹಿಡಿದಳು.

ಕೈಶಾನ್ ಒಂದು ಹೆಜ್ಜೆ ಹಿಂದೆಯೇ ಬಂದ.

"ಮೂಳೆಯಲ್ಲಿ ಕೆತ್ತಿದ್ದು, ಎದೆಯಲ್ಲಿ ಬರೆದದ್ದು ಅಳಿಯಲ್ಲ ಅಂತಾರಲ್ಲ... ಅದು ಬರೀ ಮಾತು ಅಂದ್ಕೊಂಡಿದ್ದೆ, ಸೂಯಿನ್. ಅಲ್ಲ. ಇಲ್ಲಿ ನೋಯುತ್ತೆ." ಧೂಳು ಹಿಡಿದ ಕೈಯಿಂದ ಎದೆ ಮುಟ್ಟಿಕೊಂಡ. "ನೀವು ಹ್ಞೂಂ ಅಂದ್ರೆ, ಒಳ್ಳೆಯ ಕಲ್ಲು ಆರಿಸಿ, ದನಿಯ ಯಿನ್, ಸರಿಯಾದ ಅಕ್ಷರ, ನನ್ನ ಹೆಸರಿನ ಪಕ್ಕದಲ್ಲಿ..."

"ಮತ್ತೆ ಕಲ್ಲಾ!" ಅವಳು ಅಳುತ್ತಲೇ ನಕ್ಕಳು. "ಕೆತ್ತಬೇಡ... ಕರೆ."

ಅವನಿಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಯಿತು.

"ಸೂಯಿನ್..."

"ಹ್ಞೂಂ."

"ಸೂಯಿನ್."

"ಹ್ಞೂಂ... ಇಲ್ಲೇ ಇದ್ದೀನಿ."

"ಸೂಯಿನ್!"

ಈ ಸಲದ ಕೂಗು ಮೇಲಿನಿಂದ ಬಂತು. ಅತ್ತೆಯ ದನಿ. ಆರು ವರ್ಷಗಳಲ್ಲಿ ಮೊದಲ ಸಲ ಆ ಬಾಯಿಂದ ಆ ಹೆಸರು! ಸೂಯಿನ್ ತಿರುಗಿ ನೋಡಿದಳು. ಕಲ್ಲಿನ ಪಕ್ಕದಲ್ಲಿ ಮುದುಕಿ ಒಬ್ಬಳೇ ಕೂತಿದ್ದಳು, ಚಾಚಿದ ಕೈಯಲ್ಲಿ ಕೆಂಪು ಬಣ್ಣದ ಕುಂಚ.

"ತಿರುಗಿ ಬಾ! ಬಣ್ಣ ಮಾಸಿದೆ. ಬಂದು ತುಂಬು!"

ಸೂಯಿನ್ ಇದ್ದಲ್ಲಿಂದಲೇ ದನಿ ಎತ್ತಿದಳು.

"ನಾಳೆ ಬೆಳಿಗ್ಗೆ ಗೆಣಸಿನ ಗಂಜಿ ಮಾಡಿ ತಂದುಕೊಡ್ತೀನಿ ಅಮ್ಮ," ಎಂದಳು. "ಕುಂಚ ಹಿಡಿಯಲ್ಲ."