ಬೆಣಚೂರಿನ ಮುಚ್ಚಿದ ಕಿಟಕಿಗಳು

ಬಹಳ ಹಿಂದೆ, ನಾಲ್ಕು ಸಮುದ್ರ ದಾಟಿ ಐದನೆಯದರಲ್ಲಿ ವಾಂತಿ ಮಾಡಿಕೊಂಡು ಇಳಿದರೆ ಸಿಗುವ ಬೆಣಚೂರು ಎಂಬ ಚಳಿರಾಜ್ಯದಲ್ಲಿ ಧರಣಿಪಾಲನೆಂಬ ರಾಜನಿದ್ದ. ಬಿರುಗಾಳಿಯ ಜೊತೆ ಮಾಟಗಾತಿಯರು ಬರುತ್ತಾರೆಂದು ಜೋಯಿಸರು ಹೇಳಿದ್ದೇ ತಡ, ಅರಮನೆಯ ಕಿಟಕಿಗಳನ್ನೆಲ್ಲ ಗಾರೆ ಹಾಕಿ ಮುಚ್ಚಿಸಿದ. ಮುಚ್ಚಿದವನು ಕಲ್ಲುಕುಟಿಗ ಮಲ್ಲೋಜ.

ಅರಮನೆಯಡಿಯ ನೆಲಮನೆಯ ಅಡುಗೆಕೋಣೆಯಲ್ಲೇ ಇರುತ್ತಿದ್ದ ಅವನ ಅಕ್ಕ ಚಂದವ್ವ, "ಒಂದನ್ನಾದ್ರೂ ಬಿಡೋ ತಮ್ಮಾ" ಅಂದಳು.

"ರಾಜಾಜ್ಞೆ, ಅಕ್ಕ."

ಆಜ್ಞೆಯಷ್ಟೇ ಅಲ್ಲ, ಅವನಿಗೆ ಹೆಮ್ಮೆಯೂ ಇತ್ತು. ಒಂದು ಕೂದಲು ತೂರುವ ಸಂದನ್ನೂ ಅವನು ಉಳಿಸಿರಲಿಲ್ಲ.

ಆರು ವರ್ಷ ಕಳೆಯಿತು. ಮಾಟಗಾತಿ ಯಾರೂ ಬರಲಿಲ್ಲ. ನೆಲಮನೆಯವರು ಮಾತ್ರ ಒಬ್ಬೊಬ್ಬರಾಗಿ ಕೆಮ್ಮತೊಡಗಿದರು. ಚಂದವ್ವನ ಕೆಮ್ಮಿನಲ್ಲಿ ರಕ್ತ ಬಂದ ದಿನ ಮಲ್ಲೋಜ ಕೇಡು ಎಲ್ಲಿಂದ ಬರುತ್ತಿದೆಯೆಂದು ಹುಡುಕುತ್ತಾ ನೆಲಕ್ಕೆ ಕಿವಿಯಿಟ್ಟ. ಕೆಳಗೆ ಯಾರೋ ನಿಧಾನವಾಗಿ ಹತ್ತಿ ಬರುತ್ತಿದ್ದರು.

"ಯಾರು ನೀನು?"

"ಕಲ್ಲಿನ ಮಗ. ಬಣ್ಣವಿಲ್ಲ, ವಾಸನೆಯಿಲ್ಲ. ಮಣ್ಣಿನ ಸಂದುಗಳಲ್ಲಿ ನುಸುಳಿ ಬರ್ತೀನಿ."

ಮಲ್ಲೋಜ ಬಾಗಿಲಿಗೆ ಕಬ್ಬಿಣ ಹೊದಿಸಿದ.

"ನಾನು ಬಾಗಿಲಿಂದ ಬರೋನಲ್ಲ" ಎಂದಿತು ದನಿ.

ನೆಲದ ಬಿರುಕಿಗೆಲ್ಲ ಸುಣ್ಣ ಮೆತ್ತಿದ.

"ಕಂಬದ ಬುಡದಲ್ಲಿ ನೂಲಿನಷ್ಟು ಜಾಗ ಇದೆ. ನನಗೆ ಸಾಕು."

ಮೂರನೆಯ ಸಲ ಮಲ್ಲೋಜ ಸುಣ್ಣ ಮೆತ್ತುವ ಕರಣೆ ಕೆಳಗಿಟ್ಟು ಕೇಳಿದ: "ಇಲ್ಲಿಗೇ ಯಾಕೆ ಬರ್ತೀಯ? ಹೊರಗೆ ಬಯಲಿಲ್ವಾ?"

"ಬಯಲಲ್ಲಿ ಗಾಳಿಗೆ ಸಿಕ್ಕಿ ಚದುರಿಹೋಗ್ತೀನಿ, ಯಾರಿಗೂ ಕೇಡಿಲ್ಲ. ಇಲ್ಲಿಗೆ ನೀವೇ ಎಳ್ಕೊಳ್ತೀರಿ. ಒಲೆಯ ಬಿಸಿಗಾಳಿ ಮೇಲಿನ ಮಾಡಿನಿಂದ ಆಚೆ ಹೋಗುತ್ತೆ, ಮನೆ ನೆಲದಿಂದ ಉಸಿರೆಳೆಯುತ್ತೆ. ಕಿಟಕಿ ಮುಚ್ಚಿದ್ದು ಯಾರು?"

ಮಲ್ಲೋಜ ಸುತ್ತಿಗೆ ಎತ್ತಿಕೊಂಡ. ಕಿಟಕಿಗಳ ಗಾರೆ ಒಡೆದ. ನೆಲದಡಿ ಗುಂಡಿ ತೋಡಿ, ಅಲ್ಲಿಂದ ಒಲೆಯ ಪಕ್ಕದಲ್ಲೇ ಮಾಡಿನಾಚೆಗೆ ಮಣ್ಣಿನ ಕೊಳವೆ ನಿಲ್ಲಿಸಿದ. ಕೊಳವೆ ಬಿಸಿಯಾಗಿ ನೆಲದಡಿಯ ಗಾಳಿಯನ್ನು ಎಳೆಯತೊಡಗಿತು.

"ನಿಮ್ಮವರ ಎದೆಯೊಳಗೆ ತಿಂದಿದ್ದನ್ನ ವಾಪಸು ಕೊಡೋಕೆ ನನಗೆ ಬರಲ್ಲ" ಎನ್ನುತ್ತಾ ಕಲ್ಲಿನ ಮಗ ಅದರಲ್ಲೇ ಏರಿ ಆಕಾಶದಲ್ಲಿ ಚದುರಿಹೋದ.

ಹೊಸದಾಗಿ ಯಾರೂ ಕೆಮ್ಮದಿರುವುದನ್ನು ಕಂಡ ರಾಜ ಮಲ್ಲೋಜನಿಗೆ ಚಿನ್ನದ ಕಡಗ ತೊಡಿಸಿದ. ಮನೆಮನೆಗೂ ಕೊಳವೆ ಬಂತು. ಬೆಣಚೂರಿನವರು ಬಹುಕಾಲ ಸುಖವಾಗಿ ಬಾಳಿದರು. ಚಂದವ್ವ ಬಾಳಿದ್ದು ಇನ್ನು ಮೂರು ತಿಂಗಳು.

ಮಲ್ಲೋಜ ಕಡಗ ತೊಟ್ಟು ಬಂದ ದಿನ ಅವಳು ಗೋಡೆ ಹಿಡಿದುಕೊಂಡೇ ಅಡುಗೆ ಮಾಡಿದ್ದಳು.

"ಅಕ್ಕ, ನಾನು ಆವತ್ತೇ..."

"ಕೈ ತೊಳ್ಕೊಂಡು ಬಾ. ಆರಿಹೋಗುತ್ತೆ."

ಸಾರಿಗೆ ಉಪ್ಪು ಹಾಕುವುದನ್ನು ಮರೆತಿದ್ದಳು. ಮಲ್ಲೋಜ ಎರಡನೇ ಸಲವೂ ಬಡಿಸಿಕೊಂಡು ಉಂಡ.